ಒಳ್ಳೆಯ ಜಾಗ ಮೂರನೇ ಸಲಕ್ಕೆ ಸಿಗುತ್ತದೆ

ಪ್ರಶ್ನೆ: ಮೇಡಂ, ನಾವು ಈ ಊರಿಗೆ ಬಂದು ಒಂದೂವರೆ ವರ್ಷ ಆಯಿತು. ರಜೆಯ ದಿನ ನಾನೂ ನಮ್ಮ ಯಜಮಾನರೂ ಮೊಬೈಲಿನಲ್ಲಿ ‘ನೋಡಲೇಬೇಕಾದ ಹತ್ತು ಜಾಗಗಳು’ ಥರದ ಪಟ್ಟಿ ನೋಡಿಕೊಂಡು ಹೊರಡುತ್ತೇವೆ. ಊಟದ ಜಾಗ, ಮನೆಗೆ ಚೆಂದದ ಸಾಮಾನು ಸಿಗುವ ಅಂಗಡಿ, ಮಸಾಜ್, ಯೋಗ ಕ್ಲಾಸ್, ಎಲ್ಲವನ್ನೂ ಹೀಗೇ ಹುಡುಕಿದೆವು. ಫೋಟೋದಲ್ಲಿ ಅದ್ಭುತವಾಗಿ ಕಾಣುತ್ತದೆ, ಹೋದರೆ ಸಪ್ಪೆ. ನೀವು ಎಷ್ಟೋ ವರ್ಷದಿಂದ ಇಂಥ ಜಾಗಗಳ ಬಗ್ಗೆಯೇ ಬರೆಯುತ್ತಿದ್ದೀರಿ. ನಿಮಗೆ ಹೇಗೆ ಸಿಗುತ್ತವೆ? ಇನ್ನೊಂದು ವಿಷಯ. ಇಷ್ಟವಾದ ಜಾಗಕ್ಕೇ ಮತ್ತೆ ಹೋಗೋಣ ಅಂದರೆ ಇವರು ‘ಹೋದಲ್ಲಿಗೇ ಹೋಗೋದು ಬೋರ್’ ಅಂತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಊರು ಯಾವುದು ಅಂತ ನೀವು ಬರೆದಿಲ್ಲ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಬರೆದಿದ್ದರೆ ನಾನೂ ಸುಮ್ನೆ ಹತ್ತು ಹೆಸರು ಗೀಚಿ ಕಳಿಸಿಬಿಡುತ್ತಿದ್ದೆ. ನಿಮ್ಮ ಬಳಿ ಇನ್ನೊಂದು ಪಟ್ಟಿ ಸೇರುತ್ತಿತ್ತು, ಅಷ್ಟೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಂದೂವರೆ ವರ್ಷದಲ್ಲಿ ಬೇಕಾದಷ್ಟು ಕಡೆ ಸುತ್ತಿದ್ದೀರಿ. ಆದರೆ ಯಾವುದಾದರೂ ಒಂದು ಜಾಗಕ್ಕೆ ಮೂರು ಸಲ ಹೋದ ಸುದ್ದಿ ಅದರಲ್ಲಿ ಇಲ್ಲ. ನನ್ನ ಉತ್ತರದ ಮುಕ್ಕಾಲು ಪಾಲು ಇಲ್ಲೇ ಇದೆ. ನಾನು ಒಂದು ಜಾಗ ‘ಸಿಕ್ಕಿತು’ ಅಂತ ಒಪ್ಪಿಕೊಳ್ಳುವುದು ಮೂರನೇ ಸಲ ಹೋಗಿ ಬಂದ ಮೇಲೆ. ಅಲ್ಲಿಯವರೆಗೆ ಅದು ಪರಿಚಯ ಮಾತ್ರ.

ಯಾಕೆ ಮೂರು? ಮೊದಲ ಸಲದಲ್ಲಿ ಅದೃಷ್ಟದ ಪಾಲು ಜಾಸ್ತಿ. ಅವತ್ತು ಅಡುಗೆಯವರ ಕೈ ಚೆನ್ನಾಗಿ ಕೂಡಿಬಂದಿರಬಹುದು, ನಿಮಗೆ ಕಿಟಕಿ ಪಕ್ಕದ ಜಾಗ ಸಿಕ್ಕಿರಬಹುದು, ಮನೆಯಿಂದ ನಗುನಗುತ್ತಾ ಹೊರಟಿರಬಹುದು. ಇವೆಲ್ಲ ಒಟ್ಟಿಗೆ ಇನ್ನೊಂದು ದಿನ ಸೇರುವುದು ಕಷ್ಟ. ಹಾಗಾಗಿ ಮೊದಲ ಸಲ ಅದ್ಭುತ ಅನ್ನಿಸಿದ್ದು ಎರಡನೇ ಸಲ ಸ್ವಲ್ಪ ಕೆಳಗಿಳಿಯುತ್ತದೆ. ಸಂಖ್ಯಾಶಾಸ್ತ್ರದವರಿಗೆ ಇದು ಹಳೆಯ ವಿಷಯ. 1886ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಅಪ್ಪ ಅಮ್ಮ ಮತ್ತು ಮಕ್ಕಳ ಎತ್ತರಗಳನ್ನು ಹೋಲಿಸಿ ನೋಡಿದ. ತುಂಬಾ ಎತ್ತರದವರ ಮಕ್ಕಳು ಎತ್ತರವೇ, ಆದರೆ ಸಾಮಾನ್ಯವಾಗಿ ಅಷ್ಟು ಅತಿ ಎತ್ತರ ಅಲ್ಲ. ತುಂಬಾ ಕುಳ್ಳಗಿರುವವರ ಮಕ್ಕಳು ಅಷ್ಟು ಕುಳ್ಳಗಿರುವುದಿಲ್ಲ. ಎರಡು ತುದಿಯಲ್ಲಿ ಇದ್ದದ್ದು ನಡುವಿನ ಕಡೆ ಸರಿಯುತ್ತದೆ. ಊಟದ ಜಾಗದ ಕಥೆಯೂ ಇದೇ.

ಇದರಲ್ಲಿ ಒಂದು ಮೋಸ ಅಡಗಿದೆ. ಮೊದಲ ಸಲ ಚೆನ್ನಾಗಿದ್ದರೆ ಮತ್ತೆ ಹೋಗುತ್ತೀರಿ, ನಿಜ ಗೊತ್ತಾಗುತ್ತದೆ. ಮೊದಲ ಸಲ ಕೆಟ್ಟಿದ್ದರೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಅವತ್ತು ಅವರಿಗೆ ಬರೀ ಕೆಟ್ಟ ದಿನವಾಗಿತ್ತೋ ಏನೋ, ನಿಮಗೆ ಎಂದೂ ತಿಳಿಯುವುದಿಲ್ಲ. ನಿಮ್ಮ ‘ಸಪ್ಪೆ’ ಪಟ್ಟಿಯಲ್ಲಿ ಇಂಥ ಎರಡೋ ಮೂರೋ ಇದ್ದೇ ಇರುತ್ತವೆ ಅಂತ ನನ್ನ ಅನುಮಾನ. ಕೊಳಕು ಇದ್ದ ಜಾಗವನ್ನು ಬಿಡಿ. ಬರೀ ಸಪ್ಪೆ ಅನ್ನಿಸಿದವುಗಳಲ್ಲಿ ಮನೆಗೆ ಹತ್ತಿರವಿರುವ ಒಂದಕ್ಕೆ ಇನ್ನೊಂದು ಸಲ ಹೋಗಿ. ರಜೆಯ ದಿನ ಬೇಡ, ವಾರದ ನಡುವೆ ಹೋಗಿ.

ಪಟ್ಟಿಗಳ ಮೇಲೆ ನನಗೇನೂ ಸಿಟ್ಟಿಲ್ಲ. ನಾನೇ ಎಷ್ಟೋ ಪಟ್ಟಿ ಬರೆದು ಹೊಟ್ಟೆ ಹೊರೆದಿದ್ದೇನೆ. ಆದರೆ ಪಟ್ಟಿ ಯಾರಿಗಾಗಿ ಹುಟ್ಟಿತು ಅಂತ ಗೊತ್ತಿದ್ದರೆ ಅದನ್ನು ಎಷ್ಟು ನಂಬಬೇಕು ಅನ್ನುವುದೂ ಗೊತ್ತಾಗುತ್ತದೆ. ನಕ್ಷತ್ರ ಕೊಡುವ ಮಿಶೆಲಿನ್ ಗೈಡ್ ಇದೆಯಲ್ಲ, ಅದನ್ನು 1900ರಲ್ಲಿ ಫ್ರಾನ್ಸಿನಲ್ಲಿ ಶುರು ಮಾಡಿದ್ದು ಟೈರ್ ಕಂಪನಿ. ಜನ ಕಾರಿನಲ್ಲಿ ಜಾಸ್ತಿ ಓಡಾಡಿದರೆ ಟೈರ್ ಜಾಸ್ತಿ ಸವೆಯುತ್ತದೆ, ಅಲ್ವಾ? 1926ರಲ್ಲಿ ಒಂದು ನಕ್ಷತ್ರ ಬಂತು. 1931ರಲ್ಲಿ ಎರಡು ಮತ್ತು ಮೂರು ಬಂದವು. ಎರಡು ಅಂದರೆ ದಾರಿ ಸುತ್ತಿಕೊಂಡಾದರೂ ಹೋಗಬಹುದಾದ ಜಾಗ. ಮೂರು ಅಂದರೆ ಅದಕ್ಕೆಂದೇ ಪ್ರಯಾಣ ಹೊರಡಬಹುದಾದ ಜಾಗ. ದೂರದಿಂದ ಜೀವನದಲ್ಲಿ ಒಮ್ಮೆ ಬರುವವರಿಗೆ ಮಾಡಿದ ಅಳತೆ ಅದು. ನೀವು ಅಲ್ಲೇ ಇರುವವರು. ಮಂಗಳವಾರ ಸಂಜೆ ಸುಸ್ತಾಗಿ ಬಂದಾಗ ಕಾಲು ತಾನಾಗಿ ಎಲ್ಲಿಗೆ ಹೋಗಬೇಕು ಅನ್ನುವುದು ನಿಮ್ಮ ಪ್ರಶ್ನೆ. ಅದಕ್ಕೆ ನಕ್ಷತ್ರದ ಲೆಕ್ಕ ಇಲ್ಲ.

ಮೊಬೈಲಿನಲ್ಲಿ ಬರುವ ನಕ್ಷತ್ರಗಳಿಗೆ ಬೇರೆ ಕಾಯಿಲೆ. ಅಲ್ಲಿ ಬರೆಯುವವರು ಬಹುಪಾಲು ತುಂಬಾ ಖುಷಿಯಾದವರು ಇಲ್ಲವೇ ತುಂಬಾ ಸಿಟ್ಟಾದವರು. ‘ಪರವಾಗಿಲ್ಲ, ಚೆನ್ನಾಗಿತ್ತು’ ಅನ್ನುವವರು ಬಿಲ್ ಕೊಟ್ಟು ಮನೆಗೆ ಹೋಗಿ ಮಲಗುತ್ತಾರೆ. ದುಡ್ಡಿನ ಒತ್ತಡವೂ ಇದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಲೂಕಾ 2011ರಲ್ಲಿ ಅಮೆರಿಕದ ಸಿಯಾಟಲ್ ನಗರದ ರೆಸ್ಟೊರೆಂಟುಗಳ ಲೆಕ್ಕ ತೆಗೆದು ನೋಡಿದರು. ರೇಟಿಂಗಿನಲ್ಲಿ ಒಂದು ನಕ್ಷತ್ರ ಏರಿದರೆ ಆದಾಯ ಶೇ 5ರಿಂದ 9ರಷ್ಟು ಏರುತ್ತಿತ್ತು. ಅದೂ ಸ್ವಂತವಾಗಿ ನಡೆಸುವ ಚಿಕ್ಕ ಜಾಗಗಳಿಗೆ. ದೊಡ್ಡ ಸರಣಿ ಹೋಟೆಲುಗಳ ಮೇಲೆ ಇದರ ಪರಿಣಾಮ ಕಾಣಲಿಲ್ಲ. ಒಂದು ನಕ್ಷತ್ರಕ್ಕೆ ಇಷ್ಟು ಬೆಲೆ ಇದ್ದರೆ ಅದನ್ನು ಹೇಗಾದರೂ ಪಡೆಯಬೇಕು ಅನ್ನಿಸದೇ ಇರುತ್ತದೆಯೇ?

ಹಾಗಂತ ಓದಲೇಬೇಡಿ ಅನ್ನುತ್ತಿಲ್ಲ. ನಾನು ಐದನ್ನೂ ಒಂದನ್ನೂ ಬಿಟ್ಟು ಮೂರು ನಕ್ಷತ್ರ ಕೊಟ್ಟವರನ್ನು ಓದುತ್ತೇನೆ. ಅವರು ಏನಿತ್ತು, ಏನಿರಲಿಲ್ಲ ಅಂತ ಬಿಡಿಸಿ ಬರೆದಿರುತ್ತಾರೆ. ‘ವಾತಾವರಣ ಸೂಪರ್’ ಅನ್ನುವ ಮಾತಿನಿಂದ ನನಗೇನೂ ಸಿಗುವುದಿಲ್ಲ. ‘ಎಂಟು ಗಂಟೆ ಮೇಲೆ ಹೋದರೆ ಮಾತು ಕೇಳಿಸುವುದಿಲ್ಲ’ ಅಂತ ಒಬ್ಬರು ಬರೆದಿದ್ದರೆ ಅದು ಚಿನ್ನ.

ಮಾತು ಕೇಳಿಸುವ ವಿಷಯ ಬಂತು. ಇದರ ಬಗ್ಗೆ ನನಗೆ ಸ್ವಲ್ಪ ಹುಚ್ಚು, ಸಹಿಸಿಕೊಳ್ಳಿ.

ಬರೆಯಲು ಶುರು ಮಾಡುವ ಮೊದಲು ನಾನು ಹೋಟೆಲುಗಳ ಒಳಾಂಗಣ ವಿನ್ಯಾಸ ಮಾಡುತ್ತಿದ್ದೆ. ಫೋಟೋ ಚೆನ್ನಾಗಿ ಬರಲಿ ಅಂತಲೇ ಒಂದು ಗೋಡೆ, ಒಂದು ಮೂಲೆ ಮಾಡಿಸುವುದು ಆಗಲೇ ಶುರುವಾಗಿತ್ತು. ಆ ಪಾಪದಲ್ಲಿ ನನ್ನ ಪಾಲೂ ಇದೆ. ನುಣುಪಾದ ನೆಲ, ಗಾಜು, ಬೋಳು ಕಾಂಕ್ರೀಟು, ಎತ್ತರದ ಸೂರು: ಕ್ಯಾಮೆರಾಕ್ಕೆ ಇದೆಲ್ಲ ಹಬ್ಬ. ಕಿವಿಗೆ ಹಿಂಸೆ. ಗಟ್ಟಿ ಮೇಲ್ಮೈ ಸದ್ದನ್ನು ನುಂಗುವುದಿಲ್ಲ, ಚೆಂಡಿನ ಹಾಗೆ ವಾಪಸ್ ಎಸೆಯುತ್ತದೆ.

ಇದನ್ನು ಮೊದಲು ಸರಿಯಾಗಿ ಅಳೆದವರು ಅಮೆರಿಕದ ಭೌತವಿಜ್ಞಾನಿ ವಾಲೇಸ್ ಸಬೀನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಕಟ್ಟಿದ ಒಂದು ಉಪನ್ಯಾಸದ ಕೊಠಡಿ ಇತ್ತು. ಅಲ್ಲಿ ಆಡಿದ ಮಾತು ಐದೂವರೆ ಸೆಕೆಂಡು ಗುಂಯ್‌ಗುಡುತ್ತಿತ್ತು. ಮುಂದಿನ ಹತ್ತಾರು ಪದ ಅದರ ಮೇಲೇ ಬಂದು ಬೀಳುತ್ತಿದ್ದವು. ಏನೂ ಅರ್ಥವಾಗುತ್ತಿರಲಿಲ್ಲ. ಸಬೀನ್ ಪಕ್ಕದ ರಂಗಮಂದಿರದ ಮೆತ್ತನೆಯ ಸೀಟುಗಳನ್ನು ರಾತ್ರಿ ಹೊತ್ತಲ್ಲಿ ಹೊತ್ತು ತರಿಸಿದರು. ಅವನ್ನು ಕೊಠಡಿಯಲ್ಲಿ ಹಾಸುತ್ತಾ ಸದ್ದು ಎಷ್ಟು ಬೇಗ ಅಡಗುತ್ತದೆ ಅಂತ ಅಳೆದರು. ಬೆಳಗಾಗುವುದರೊಳಗೆ ಎಲ್ಲವನ್ನೂ ವಾಪಸ್ ಇಡಬೇಕಿತ್ತು. ಇವತ್ತಿಗೂ ಸಭಾಂಗಣ ಕಟ್ಟುವವರು ಅವರ ಸೂತ್ರವನ್ನೇ ಬಳಸುತ್ತಾರೆ. ಊಟದ ಜಾಗ ಕಟ್ಟುವವರು ಅಷ್ಟಾಗಿ ಬಳಸುವುದಿಲ್ಲ.

ಸದ್ದು ಒಮ್ಮೆ ಏರಿದರೆ ತಾನೇ ಇನ್ನಷ್ಟು ಏರುತ್ತದೆ. ಸುತ್ತ ಗದ್ದಲ ಇದ್ದರೆ ನಮಗೆ ಗೊತ್ತಿಲ್ಲದೇ ನಮ್ಮ ದನಿ ಜೋರಾಗುತ್ತದೆ. ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ ಇದನ್ನು 1911ರಲ್ಲೇ ಬರೆದಿಟ್ಟಿದ್ದಾರೆ. ನಿಮ್ಮ ದನಿ ಜೋರಾಯಿತು ಅಂತ ಪಕ್ಕದ ಟೇಬಲಿನವರೂ ಜೋರು. ಹಾಗಾಗಿ ಅರ್ಧ ತುಂಬಿದಾಗ ಹಿತವಾಗಿದ್ದ ಜಾಗ ಪೂರ್ತಿ ತುಂಬಿದಾಗ ಸಂತೆಯಾಗುತ್ತದೆ.

ನಾಲಿಗೆಗೂ ಇದರ ಪೆಟ್ಟು ಬೀಳುತ್ತದೆ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜನರಿಗೆ ಹೆಡ್‌ಫೋನ್ ಹಾಕಿ, ಜೋರಾದ ಸದ್ದು ಕೇಳಿಸುತ್ತಾ ತಿನ್ನಲು ಕೊಟ್ಟರು. ಅವರಿಗೆ ಸಿಹಿಯೂ ಉಪ್ಪೂ ಕಡಿಮೆ ಅನ್ನಿಸಿತು, ಗರಿಗರಿ ಜಾಸ್ತಿ ಅನ್ನಿಸಿತು. ಅದಕ್ಕೂ ಮುಂಚೆ, 2004ರಲ್ಲಿ, ಆಕ್ಸ್‌ಫರ್ಡಿನ ಚಾರ್ಲ್ಸ್ ಸ್ಪೆನ್ಸ್ ಮತ್ತು ಮಸ್ಸಿಮಿಲಿಯಾನೋ ಜಂಪೀನಿ ಆಲೂಗಡ್ಡೆ ಚಿಪ್ಸ್ ಜಗಿಯುವ ಸದ್ದನ್ನೇ ಹೆಚ್ಚು ಕಡಿಮೆ ಮಾಡಿ ಕೇಳಿಸಿದ್ದರು. ಸದ್ದು ಚುರುಕಾದಾಗ ಅದೇ ಚಿಪ್ಸ್ ಹೊಸದಾಗಿ, ಗರಿಗರಿಯಾಗಿ ಅನ್ನಿಸಿತ್ತು. ಈ ಕೆಲಸಕ್ಕೆ 2008ರಲ್ಲಿ ಇಗ್ ನೊಬೆಲ್ ಸಿಕ್ಕಿತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಅಂದರೆ ‘ಊಟ ಸಪ್ಪೆ’ ಅಂತ ನೀವು ಬರೆದಿರುವುದರಲ್ಲಿ ಅಡುಗೆಯವರ ತಪ್ಪು ಎಷ್ಟು, ಸೂರಿನ ತಪ್ಪು ಎಷ್ಟು ಅಂತ ನೋಡಬೇಕಾಗುತ್ತದೆ!

ಮುಂದಿನ ಸಲ ಒಳಗೆ ಕಾಲಿಟ್ಟಾಗ ಹೀಗೆ ಮಾಡಿ. ಫೋನಿನಲ್ಲಿ ಡೆಸಿಬೆಲ್ ಅಳೆಯುವ ಉಚಿತ ಆ್ಯಪ್‌ಗಳಿವೆ. ಎದುರಿಗೆ ಕುಳಿತವರ ಜೊತೆ ಆರಾಮಾಗಿ ಮಾತಾಡುವಾಗ ಸುಮಾರು 60 ಡೆಸಿಬೆಲ್ ಇರುತ್ತದೆ. 75ರ ಹತ್ತಿರ ಬಂದರೆ ದನಿ ಏರಿಸಲೇಬೇಕು. 85 ಅಂದರೆ, ದಿನಕ್ಕೆ ಎಂಟು ಗಂಟೆ ಅಲ್ಲೇ ದುಡಿಯುವವರ ಕಿವಿಗೆ ಅಪಾಯ ಅಂತ ಲೆಕ್ಕ ಹಾಕುವ ಗಡಿ. ಪಾಪ, ಬಡಿಸುವವರನ್ನು ನೆನೆಸಿಕೊಳ್ಳಿ. ಆ್ಯಪ್ ಬೇಡ ಅಂದರೆ ಸುತ್ತ ಕಣ್ಣು ಹಾಯಿಸಿ. ಪರದೆ, ಮೆತ್ತೆ, ಪುಸ್ತಕದ ಕಪಾಟು, ಒರಟು ಮರ, ಟೇಬಲಿನ ಮೇಲೆ ಬಟ್ಟೆ ಏನಾದರೂ ಇದೆಯೇ? ಇದ್ದರೆ ಕಟ್ಟಿದವರು ಕಿವಿಯ ಬಗ್ಗೆಯೂ ಯೋಚನೆ ಮಾಡಿದ್ದಾರೆ.

ಕುರ್ಚಿಯೂ ಹಾಗೆಯೇ. ಕೂರುವ ಎತ್ತರ ಸುಮಾರು 45 ಸೆಂಟಿಮೀಟರ್, ಟೇಬಲ್ 75. ನಡುವೆ 30ರಷ್ಟು ಅಂತರ ಇದ್ದರೆ ಕೈ ಆರಾಮಾಗಿ ತಟ್ಟೆಗೆ ಹೋಗುತ್ತದೆ. ಚೆಂದಕ್ಕೆ ತಗ್ಗಿನ ಸೋಫಾ ಹಾಕಿ ಮುಂದೆ ಎತ್ತರದ ಟೇಬಲ್ ಇಟ್ಟಿರುತ್ತಾರೆ. ಅಲ್ಲಿ ಊಟ ಮಾಡುವವರ ಗದ್ದ ತಟ್ಟೆಯಲ್ಲೇ ಇರುತ್ತದೆ.

ಅಡುಗೆಯ ಬಗ್ಗೆ ನಾನು ನೋಡುವುದು ಕಡಿಮೆ. ಮೆನು ಚಿಕ್ಕದಿದ್ದರೆ ಒಳ್ಳೆಯ ಸೂಚನೆ. ನೂರಾ ಐವತ್ತು ತಿನಿಸು ಬರೆದ ಮೆನು ನೋಡಿದರೆ ಫ್ರೀಜರ್ ಎಷ್ಟು ದೊಡ್ಡದಿರಬಹುದು ಅನ್ನುವ ಯೋಚನೆ ಬರುತ್ತದೆ. ಬಡಿಸುವವರನ್ನು ‘ಇಲ್ಲಿ ಏನು ಸ್ಪೆಷಲ್’ ಅಂತ ಕೇಳಬೇಡಿ, ಕಲಿಸಿದ ಉತ್ತರ ಬರುತ್ತದೆ. ‘ಇವತ್ತು ನೀವು ಏನು ತಿಂದಿರಿ’ ಅಂತ ಕೇಳಿ. ಅರೆಕ್ಷಣ ತಡವರಿಸಿ ನಕ್ಕು ನಿಜ ಹೇಳುತ್ತಾರೆ. ಸಾಲಾಗಿ ಪಾತ್ರೆ ಇಟ್ಟು ಬೇಕಾದ್ದು ಬಡಿಸಿಕೊಳ್ಳುವ ಕಡೆ ಮಾತ್ರ ಸ್ವಲ್ಪ ಜಾಗ್ರತೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ನಿಯಮ ಸರಳ: ಬಿಸಿ ಅಡುಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು, ತಣ್ಣನೆಯದು 5 ಡಿಗ್ರಿಗಿಂತ ಕೆಳಗಿರಬೇಕು, ಬೇಯಿಸಿದ್ದನ್ನು ಸುಮ್ನೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದು. ಥರ್ಮಾಮೀಟರ್ ಒಯ್ಯಬೇಕಿಲ್ಲ. ಮುಚ್ಚಳ ತೆಗೆದಾಗ ಆವಿ ಮುಖಕ್ಕೆ ರಾಚದಿದ್ದರೆ ಮುಂದಿನ ಪಾತ್ರೆಗೆ ಹೋಗಿ.

ಇನ್ನು ಮನೆಗೆ ತರುವ ವಸ್ತುಗಳ ವಿಷಯ. ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಕುರ್ಚಿ ನೋಡಿದೆ. ಬೆನ್ನು ಒರಗುವ ಕಡೆ ಬಾಗಿದ ಮರ, ಒಂದೇ ಗೆರೆಯಲ್ಲಿ ಎಳೆದ ಹಾಗಿತ್ತು. ಹತ್ತು ಸೆಕೆಂಡು ಕುಳಿತು ಆಹಾ ಅಂದೆ, ದುಡ್ಡು ಕೊಟ್ಟೆ. ಮನೆಯಲ್ಲಿ ಇಪ್ಪತ್ತು ನಿಮಿಷ ಕುಳಿತರೆ ಸೊಂಟ ಹಿಡಿಯುತ್ತಿತ್ತು. ಒಳಾಂಗಣ ವಿನ್ಯಾಸ ಓದಿದವಳು ನಾನು! ಈಗ ಅದರ ಮೇಲೆ ಒಗೆದ ಬಟ್ಟೆ ಕೂರುತ್ತದೆ. ಅಂದಿನಿಂದ ಅಂಗಡಿಯಲ್ಲೇ ಇಪ್ಪತ್ತು ನಿಮಿಷ ಕೂರುತ್ತೇನೆ. ಅಂಗಡಿಯವರು ಗೊಣಗಲಿ ಬಿಡಿ.

ಕೂರುವುದರ ಜೊತೆಗೆ ತಿರುಗಿಸಿ ನೋಡುವುದನ್ನೂ ಕಲಿಯಿರಿ. ಟೇಬಲಿನ ಕೆಳಗೆ ತಲೆ ಹಾಕಿ. ಡ್ರಾಯರನ್ನು ಪೂರ್ತಿ ಹೊರಗೆ ಎಳೆದು ಹಿಂಬದಿ ನೋಡಿ. ಯಾರೂ ನೋಡದ ಕಡೆಯ ಕೆಲಸ ನೀಟಾಗಿದ್ದರೆ ಮುಂದಿನದನ್ನು ನಂಬಬಹುದು. ಹಲಗೆಯ ಅಂಚು ನೋಡಿ. ಮೇಲಿನ ಮರದ ಗೆರೆಗಳು ಅಂಚಿನಲ್ಲೂ ಇಳಿದು ಬಂದಿದ್ದರೆ ಬಹುಮಟ್ಟಿಗೆ ಅದು ಗಟ್ಟಿ ಮರ. ಮೇಲೊಂದು ಗೆರೆ, ಅಂಚಿನಲ್ಲಿ ಇನ್ನೊಂದು ಗೆರೆ ಇದ್ದರೆ ತೆಳು ಪದರ ಅಂಟಿಸಿರುತ್ತಾರೆ. ಅಂಟಿಸಿದ್ದು ಕೆಟ್ಟದ್ದು ಅಂತಲ್ಲ, ಗಟ್ಟಿ ಮರದ ಬೆಲೆ ಕೊಡಬೇಡಿ ಅಷ್ಟೆ. ನಿಮ್ಮ ಮನೆಯ ನೆಲ ಏರುಪೇರು ಇದ್ದರೆ ಮೂರು ಕಾಲಿನ ಸ್ಟೂಲು ತನ್ನಿ. ಮೂರು ಬಿಂದು ಯಾವಾಗಲೂ ಒಂದೇ ಸಮತಲದಲ್ಲಿ ಬೀಳುತ್ತವೆ, ಹಾಗಾಗಿ ಮೂರು ಕಾಲಿನದು ಕುಂಟುವುದಿಲ್ಲ. ನಾಲ್ಕನೇ ಕಾಲು ಬಂದಾಗಲೇ ಕೆಳಗೆ ಕಾಗದ ಮಡಚಿ ಇಡುವ ಕೆಲಸ ಶುರು. ಆದರೆ ಮೂರು ಕಾಲಿನದರ ಅಂಚಿನಲ್ಲಿ ಕುಳಿತರೆ ಬೇಗ ಮಗುಚುತ್ತದೆ. ಚಿಕ್ಕ ಮಕ್ಕಳಿದ್ದರೆ ಯೋಚಿಸಿ.

ಹೊಸ ಅಂಗಡಿಗಳನ್ನು ಹುಡುಕುವ ಮೊದಲು ರಿಪೇರಿ ಮಾಡುವವರನ್ನು ಹುಡುಕಿ. ನಿಮ್ಮ ಸುತ್ತ ಬಡಗಿಯೊಬ್ಬರು, ಸೋಫಾ ಹೊಲಿಯುವವರೊಬ್ಬರು ಇರುತ್ತಾರೆ. ಅವರ ಹತ್ತಿರ ಒಂದೇ ಪ್ರಶ್ನೆ ಕೇಳಿ: ‘ನಿಮ್ಮ ಹತ್ತಿರ ಯಾವ ಥರದ ಸಾಮಾನು ಜಾಸ್ತಿ ರಿಪೇರಿಗೆ ಬರುತ್ತದೆ? ಯಾವುದು ಬರುವುದೇ ಇಲ್ಲ?’ ಯಾವ ಪತ್ರಿಕೆಯೂ ಕೊಡದ ವಿಮರ್ಶೆ ಹತ್ತು ನಿಮಿಷದಲ್ಲಿ ಸಿಗುತ್ತದೆ. ಯಾವ ಅಂಗಡಿ ಬೇಡ ಅಂತ ಅವರು ನೇರವಾಗಿ ಹೇಳದಿದ್ದರೂ ಮುಖ ನೋಡಿದರೆ ಗೊತ್ತಾಗುತ್ತದೆ. ನನ್ನ ಇಷ್ಟದ ವಿಳಾಸಗಳಲ್ಲಿ ಅರ್ಧಕ್ಕೂ ಹೆಚ್ಚು ಇಂಥವರ ಬಾಯಿಂದ ಬಂದವು.

ದಿನಬಳಕೆಯ ವಸ್ತುವಿನಲ್ಲಿ ಚೆಂದ ಹುಡುಕುವುದಕ್ಕೆ ಒಂದು ಹಿರಿಯ ಪರಂಪರೆಯೇ ಇದೆ. ಜಪಾನಿನ ಚಿಂತಕ ಯಾನಾಗಿ ಸೊಯೆತ್ಸು ಮತ್ತು ಅವರ ಗೆಳೆಯರು 1925ರಲ್ಲಿ ‘ಮಿಂಗೆಯಿ’ ಅನ್ನುವ ಪದ ಹುಟ್ಟಿಸಿದರು. ಸಾಮಾನ್ಯ ಜನರ ಕಲೆ ಅಂತ ಅದರ ಅರ್ಥ. ಹೆಸರಿಲ್ಲದ ಕುಶಲಕರ್ಮಿಗಳು ದಿನಾ ಬಳಸಲಿಕ್ಕೆ ಅಂತ ಮಾಡಿದ ಬಟ್ಟಲು, ಬುಟ್ಟಿ, ಬಟ್ಟೆಗಳಲ್ಲೇ ನಿಜವಾದ ಚೆಲುವು ಇದೆ ಅನ್ನುವುದು ಅವರ ವಾದ. 1936ರಲ್ಲಿ ಟೋಕಿಯೋದಲ್ಲಿ ಇಂಥ ವಸ್ತುಗಳಿಗಾಗಿಯೇ ವಸ್ತುಸಂಗ್ರಹಾಲಯ ತೆರೆದರು. ನಮ್ಮಲ್ಲಿ ‘ಹಿತ್ತಲ ಗಿಡ ಮದ್ದಲ್ಲ’ ಅನ್ನುತ್ತಾರಲ್ಲ, ಯಾನಾಗಿ ಅವರ ಜೀವನವೆಲ್ಲ ಆ ಮಾತಿನ ಜೊತೆ ಜಗಳ ಆಡಿದ ಹಾಗಿದೆ.

ಬೆಳಕಿನ ಬಗ್ಗೆ ಎರಡೇ ಮಾತು. ಬಲ್ಬ್ ಪೊಟ್ಟಣದ ಮೇಲೆ ಕೆಲ್ವಿನ್ ಸಂಖ್ಯೆ ಇರುತ್ತದೆ. ಸಂಜೆ ಕೂರುವ ಕೋಣೆಗೆ 2700ರಿಂದ 3000 ಸಾಕು. ಸಂಖ್ಯೆ ಏರಿದಷ್ಟೂ ಬೆಳಕು ನೀಲಿಗೆ ತಿರುಗುತ್ತದೆ. ಪಕ್ಕದಲ್ಲಿ ಸಿಆರ್‌ಐ ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಅದು 90ಕ್ಕಿಂತ ಮೇಲಿದ್ದರೆ ಬಣ್ಣಗಳು, ಚರ್ಮ, ತಟ್ಟೆಯಲ್ಲಿರುವ ಊಟ, ಎಲ್ಲ ಇದ್ದ ಹಾಗೆ ಕಾಣುತ್ತವೆ. ಪರದೆ ಬಟ್ಟೆಯ ತುಣುಕನ್ನು ಅಂಗಡಿಯ ಬೆಳಕಿನಲ್ಲಿ ಒಪ್ಪಬೇಡಿ. ಮನೆಗೆ ತಂದು ಹಗಲಲ್ಲೂ ರಾತ್ರಿಯಲ್ಲೂ ನೋಡಿ. ಅಂಗಡಿಯಲ್ಲಿ ಒಂದೇ ಬಣ್ಣ ಅನ್ನಿಸಿದ ಎರಡು ಬಟ್ಟೆ ಮನೆಯಲ್ಲಿ ಬೇರೆ ಬೇರೆ ಕಾಣುವುದು ನಿಮ್ಮ ಕಣ್ಣಿನ ದೋಷವಲ್ಲ, ಬೆಳಕಿನ ಆಟ.

ಈಗ ಮಸಾಜ್, ಯೋಗ, ಸ್ಪಾಗಳ ಸರದಿ. ಒಟ್ಟಿಗೆ ಎಲ್ಲವನ್ನೂ ‘ವೆಲ್‌ನೆಸ್’ ಅನ್ನುತ್ತಾರೆ. ಈ ಪದಕ್ಕೆ 1950ರ ದಶಕದ ಕೊನೆಯಲ್ಲಿ ಚಾಲ್ತಿ ಕೊಟ್ಟವರಲ್ಲಿ ಅಮೆರಿಕದ ವೈದ್ಯ ಹಾಲ್ಬರ್ಟ್ ಡನ್ ಮುಖ್ಯರು. ಕಾಯಿಲೆ ಇಲ್ಲ ಅಂದ ಮಾತ್ರಕ್ಕೆ ಆರೋಗ್ಯ ಇದೆ ಅಂತಲ್ಲ, ಇನ್ನೂ ಚೆನ್ನಾಗಿ ಬದುಕಬಹುದು ಅನ್ನುವುದು ಅವರ ಮಾತಿನ ಸಾರ. ಆಮೇಲೆ ಅದು ಎಲ್ಲೆಲ್ಲಿಗೋ ಹೋಯಿತು. ಈಗ ನೀರಿನ ಬಾಟಲಿಯ ಮೇಲೂ ಆ ಪದ ಇರುತ್ತದೆ.

ನಾನು ಬಿಟ್ಟುಬಿಡುವ ಜಾಗಗಳನ್ನು ಮೊದಲು ಹೇಳಿಬಿಡುತ್ತೇನೆ. ಮೈಯಿಂದ ವಿಷ ತೆಗೆಯುತ್ತೇವೆ ಅನ್ನುವವರು. ಆ ಕೆಲಸವನ್ನು ಲಿವರ್ ಮತ್ತು ಕಿಡ್ನಿ ಹಗಲೂ ರಾತ್ರಿ ಮಾಡುತ್ತಿವೆ. ಕಾಯಿಲೆ ವಾಸಿ ಮಾಡುತ್ತೇವೆ, ಮಾತ್ರೆ ನಿಲ್ಲಿಸಿ ಅನ್ನುವವರು. ಇವರಿಂದ ದೂರ ಇರಿ, ಮಾತ್ರೆ ವಿಷಯ ಏನಿದ್ದರೂ ನಿಮ್ಮ ಡಾಕ್ಟರ ಹತ್ತಿರ. ಮತ್ತೆ, ಒಳಗೆ ಕಾಲಿಟ್ಟ ಐದೇ ನಿಮಿಷದಲ್ಲಿ ವರ್ಷದ ಪ್ಯಾಕೇಜ್ ಮಾತಾಡುವವರು. ಈ ಕೊನೆಯದರಲ್ಲಿ ನಾನು ಬಿದ್ದಿದ್ದೇನೆ. ರಿಯಾಯಿತಿ ಇವತ್ತೇ ಕೊನೆ ಅಂದರು, ಕಟ್ಟಿದೆ, ಒಟ್ಟು ನಾಲ್ಕು ಸಲ ಹೋದೆ. ರಿಯಾಯಿತಿ ಮುಂದಿನ ತಿಂಗಳೂ ಇತ್ತು.

ಒಳ್ಳೆಯ ಜಾಗದ ಗುರುತು ಒಂದೇ. ನಿಮ್ಮನ್ನು ಮುಟ್ಟುವ ಮೊದಲು ಅವರು ಪ್ರಶ್ನೆ ಕೇಳುತ್ತಾರೆ. ಬಿಪಿ ಇದೆಯಾ, ಆಪರೇಷನ್ ಏನಾದರೂ ಆಗಿದೆಯಾ, ಬಸುರಿಯಾ, ಎಲ್ಲಿ ನೋವು, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ? ಕೇಳದೇ ಮಲಗಿಸಿದರೆ ಎದ್ದು ಬನ್ನಿ. ಯೋಗ ಕ್ಲಾಸಿನಲ್ಲೂ ಹಾಗೆ. ಮೊದಲ ದಿನ ಹಿಂದೆ ಕುಳಿತು ಟೀಚರ್ ಕಣ್ಣು ಎಲ್ಲಿದೆ ನೋಡಿ. ಎಲ್ಲರಿಗಿಂತ ಚೆನ್ನಾಗಿ ಬಾಗುವವರ ಮೇಲಿದೆಯೋ, ಒದ್ದಾಡುತ್ತಿರುವವರ ಮೇಲೋ? ಒಬ್ಬ ಹಿರಿಯರಿಗೆ ‘ಇದು ನಿಮಗೆ ಬೇಡ, ಬದಲಿಗೆ ಇದು ಮಾಡಿ’ ಅಂತ ಹೇಳಿದ ಟೀಚರ್ ಹತ್ತಿರ ನಾನು ಸೇರಿದೆ. ಅವರ ಕ್ಲಾಸ್ ನಡೆಯುವ ಕೋಣೆಯಲ್ಲಿ ಒಂದು ಫೋಟೋ ತೆಗೆಯುವ ಮೂಲೆಯೂ ಇಲ್ಲ.

ದೂರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ವ್ಯಾಯಾಮ ದೊಡ್ಡವರಿಗೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಈ ನಿಮಿಷಗಳು ಬರುವುದು ವಾರಕ್ಕೆ ನಾಲ್ಕೈದು ಸಲ ಹೋದರೆ. ಊರಾಚೆಯ ಅತ್ಯುತ್ತಮ ಕ್ಲಾಸಿಗಿಂತ ನಡೆದು ಹೋಗಬಹುದಾದ ಸಾಧಾರಣ ಕ್ಲಾಸೇ ಮೇಲು.

ಎಲ್ಲಕ್ಕಿಂತ ಮೊದಲು ಹುಡುಕಬೇಕಾದದ್ದು ಒಂದು ಮರ. ತಮಾಷೆ ಅಲ್ಲ. 1984ರಲ್ಲಿ ರೋಜರ್ ಉಲ್ರಿಕ್ ಅನ್ನುವವರು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ಹಳೆಯ ದಾಖಲೆ ತೆಗೆದು ನೋಡಿದರು. ಪಿತ್ತಕೋಶದ ಆಪರೇಷನ್ ಆದ 46 ಜನ. ಅದರಲ್ಲಿ 23 ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದ 23 ಜನರಿಗೆ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಬೇಗ ಮನೆಗೆ ಹೋಗಿದ್ದರು, ಬಲವಾದ ನೋವಿನ ಮದ್ದೂ ಅವರಿಗೆ ಕಡಿಮೆ ಸಾಕಾಗಿತ್ತು. ಚಿಕ್ಕ ಅಧ್ಯಯನ, ನಿಜ. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ನೋಡಿದ ಇನ್ನೊಂದು ಅಧ್ಯಯನ ಬಂತು. ವಾರಕ್ಕೆ ಕನಿಷ್ಠ 120 ನಿಮಿಷ ಹಸಿರಿನ ನಡುವೆ ಕಳೆಯುವವರು ತಮ್ಮ ಆರೋಗ್ಯ ಚೆನ್ನಾಗಿದೆ ಅಂತ ಹೇಳುವುದು ಜಾಸ್ತಿ ಇತ್ತು. ಒಂದೇ ಸಲ ಹೋದರೂ ಸರಿ, ಬಿಡಿಬಿಡಿಯಾಗಿ ಹೋದರೂ ಸರಿ. ಆರೋಗ್ಯ ಇರುವವರೇ ಹೊರಗೆ ಜಾಸ್ತಿ ಹೋಗುತ್ತಾರೆ ಅನ್ನುವ ಅನುಮಾನ ಇದ್ದೇ ಇದೆ. ಹಾಗಿದ್ದರೂ ಇದಕ್ಕೆ ಪ್ಯಾಕೇಜ್ ಇಲ್ಲ, ಟಿಕೆಟ್ ಇಲ್ಲ, ಪ್ರಯತ್ನ ಮಾಡಿ ಕಳೆದುಕೊಳ್ಳುವುದೇನು?

ನಾನು ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಅದರಲ್ಲಿ ನಕ್ಷತ್ರ ಇಲ್ಲ. ತಾರೀಖು, ಎಷ್ಟು ಗಂಟೆಗೆ ಹೋದೆ, ಯಾರ ಜೊತೆ, ಮತ್ತೆ ಫೋಟೋದಲ್ಲಿ ಕಾಣದ ಒಂದೇ ಒಂದು ವಿಷಯ. ‘ಬಾಗಿಲು ಕಿರುಗುಟ್ಟುತ್ತದೆ, ಆದರೆ ಕೈ ತೊಳೆಯುವ ಕಡೆ ಒಣ ಟವೆಲ್ ಇತ್ತು’ ಅಂತ ಒಂದು ಕಡೆ ಇದೆ. ಹೆಸರು ಓದದೇ ಆ ಜಾಗ ನೆನಪಾಗುತ್ತದೆ. ಮೂರನೇ ಸಲ ಹೋಗಿ ಬಂದ ಮೇಲೆ ಪಕ್ಕದಲ್ಲಿ ಒಂದು ಟಿಕ್ ಹಾಕುತ್ತೇನೆ. ಆರೇಳು ಟೇಬಲ್ ಇರುವ ಚಿಕ್ಕ ಜಾಗವಾದರೆ ಅದರ ಬಗ್ಗೆ ಬರೆಯುವ ಮೊದಲು ಅದರ ಮಾಲೀಕರನ್ನು ಕೇಳುತ್ತೇನೆ. ಒಮ್ಮೆ ಕೇಳದೇ ಬರೆದು, ಜನ ಮುಗಿಬಿದ್ದು, ಅಂಥ ಒಬ್ಬರಿಗೆ ಒಂದು ತಿಂಗಳು ನಿದ್ದೆ ಇಲ್ಲದ ಹಾಗೆ ಮಾಡಿದ್ದೆ.

ಕೊನೆಗೆ ನಿಮ್ಮ ಯಜಮಾನರ ‘ಬೋರ್’. ಅವರು ಪೂರ್ತಿ ತಪ್ಪಲ್ಲ. ಹೊಸದನ್ನು ಹುಡುಕಬೇಕೋ, ಗೊತ್ತಿರುವುದನ್ನೇ ಅನುಭವಿಸಬೇಕೋ ಅನ್ನುವುದು ಗಣಿತದವರಿಗೂ ದೊಡ್ಡ ತಲೆನೋವು. ಸಾಲಾಗಿ ಜೂಜಿನ ಯಂತ್ರಗಳಿವೆ, ಯಾವುದು ಎಷ್ಟು ಕೊಡುತ್ತದೆ ಗೊತ್ತಿಲ್ಲ, ಕೈಯಲ್ಲಿ ಇಷ್ಟೇ ನಾಣ್ಯ ಇದೆ, ಯಾವುದನ್ನು ಎಷ್ಟು ಸಲ ಎಳೆಯಬೇಕು ಅಂತ ಅವರು ಲೆಕ್ಕ ಮಾಡುತ್ತಾರೆ. ಅದರಲ್ಲಿ ಒಂದು ಮಾತು ನಮಗೆ ಬೇಕಾದದ್ದು. ಮುಂದೆ ಎಷ್ಟು ಸಮಯ ಉಳಿದಿದೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಹೊಸದಾಗಿ ಬಂದವರು ಜಾಸ್ತಿ ಹುಡುಕಬೇಕು, ಯಾಕೆಂದರೆ ಒಂದು ಒಳ್ಳೆಯ ಜಾಗ ಸಿಕ್ಕರೆ ಅದರ ಲಾಭ ಮುಂದೆ ವರ್ಷಗಟ್ಟಲೆ ಸಿಗುತ್ತದೆ. ಮುಂದಿನ ತಿಂಗಳು ಊರು ಬಿಡುವವರು ಇಷ್ಟವಾದ ಜಾಗಕ್ಕೇ ಹೋಗಬೇಕು. ನೀವು ಒಂದೂವರೆ ವರ್ಷ ಬರೀ ಹುಡುಕಿದ್ದೀರಿ. ಹುಡುಕಿದ್ದರ ಫಲ ಇನ್ನೂ ಉಂಡಿಲ್ಲ.

ಹೀಗೆ ಮಾಡಿ. ನಾಲ್ಕು ರಜೆ ಬಂದರೆ ಮೂರು ನಿಮ್ಮದು, ಒಂದು ಅವರದು. ಅವರ ದಿನ ಎಲ್ಲಿಗೆ ಅಂತ ಅವರೇ ಹೇಳಲಿ, ನೀವು ಪಟ್ಟಿ ತೆಗೆಯಬೇಡಿ, ಚಕಾರ ಎತ್ತಬೇಡಿ. ನಿಮ್ಮ ಮೂರರಲ್ಲಿ ಒಂದೇ ಜಾಗಕ್ಕೆ ಹೋಗಿ, ಆದರೆ ಬೇರೆ ಬೇರೆ ಹೊತ್ತಿಗೆ ಹೋಗಿ, ಬೇರೆ ಬೇರೆ ಕಡೆ ಕೂರಿ. ಮೂರನೇ ಸಲ ಹೋದಾಗ ಅವರು ಮೆನು ಕೈಗೆತ್ತಿಕೊಳ್ಳುತ್ತಾರೋ ಇಲ್ಲವೋ ನೋಡಿ. ಎತ್ತಿಕೊಳ್ಳದೇ ನೇರವಾಗಿ ಬೇಕಾದ್ದು ಹೇಳಿದರೆ ಬೋರ್ ಮಾತು ಅಲ್ಲಿಗೆ ಮುಗಿಯಿತು. ನೀವೂ ಅದನ್ನು ಎತ್ತಿ ಆಡಬೇಡಿ, ಸುಮ್ನೆ ಊಟ ಮಾಡಿ.